ಕಟ್ಟಿಯವರು ಸೇರಿಸಿದ ‘ನಾನು’

ಗೋವೆಯ ಒಂದು ಸೆಷನ್ಸ್ ಕೋರ್ಟಿನಲ್ಲಿ ಬಿಂದುಮಾಧವ ಕಟ್ಟಿಯವರಷ್ಟು ಅಪರಾಧ ಒಪ್ಪಿಕೊಂಡವರು ಇನ್ನೊಬ್ಬರಿರಲಿಲ್ಲ. ಯಾವ ಕೋರ್ಟು ಅಂತ ಕೇಳಬೇಡಿ, ಅದರ ಹೆಸರು ಕೆಡಿಸಿ ಯಾರಿಗೂ ಏನೂ ಬರಬೇಕಾಗಿಲ್ಲ. ಹದಿನೆಂಟು ವರ್ಷಗಳಲ್ಲಿ ಅವರು ಏಳು ಜನರನ್ನು ಇರಿದಿದ್ದರು, ಒಬ್ಬನನ್ನು ಬಾವಿಗೆ ನೂಕಿದ್ದರು, ವಾಸ್ಕೋದ ಬಂದರಿನಿಂದ ತಾಮ್ರದ ತಂತಿ ಕದ್ದಿದ್ದರು, ಇಬ್ಬರು ಹೆಂಡತಿಯರನ್ನು ಬಡಿದಿದ್ದರು. ಎಲ್ಲವನ್ನೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಟಕಟೆಯ ಪಕ್ಕದಲ್ಲಿ ನಿಂತು, ಸ್ವಚ್ಛವಾದ ಇಂಗ್ಲಿಷಿನಲ್ಲಿ ಹೇಳಿದ್ದರು. ದುಭಾಷಿಯ ಕೆಲಸವೇ ಅಂಥದು. ಆರೋಪಿ ಕನ್ನಡದಲ್ಲಿ ‘ನಾ ಹೊಡದೆ’ ಅಂದರೆ ದುಭಾಷಿ ‘ಇವನು ಹೊಡೆದನಂತೆ’ ಅನ್ನುವ ಹಾಗಿಲ್ಲ. ‘ನಾನು ಹೊಡೆದೆ’ ಅಂತಲೇ ಅನ್ನಬೇಕು.

ನಿಜವಾಗಿ ಅವರ ನೌಕರಿ ಸ್ಟೆನೋಗ್ರಾಫರನದು. ೧೯೭೦ರಲ್ಲಿ ಧಾರವಾಡದಿಂದ ಹೆಂಡತಿ ಮಂದಾಕಿನಿಯ ಜೊತೆ ಬಂದಿಳಿದಾಗ ಶಾರ್ಟ್‌ಹ್ಯಾಂಡ್ ಬಿಟ್ಟರೆ ಬೇರೆ ವಿದ್ಯೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಆದರೆ ಬಂದರಿನಲ್ಲಿ, ಹೊಸ ಕಟ್ಟಡಗಳಲ್ಲಿ, ಬೀಚಿನ ಮೇಲೆ ದುಡಿಯುವವರು ಬಹಳ ಮಂದಿ ಉತ್ತರ ಕರ್ನಾಟಕದ ಕಡೆಯವರೇ. ಅವರ ಜಗಳಗಳೂ ಅವರ ಹಿಂದೆ ಕೋರ್ಟಿನತನಕ ನಡೆದು ಬರುತ್ತಿದ್ದವು. ಕೋರ್ಟಿನಲ್ಲಿ ಕನ್ನಡ ಬಲ್ಲವರು ಕಟ್ಟಿ ರಾಯರೊಬ್ಬರೇ ಆದ್ದರಿಂದ ಆ ಕೆಲಸವೂ ಅವರ ತಲೆಗೇ ಬಂತು. ಮೊದಮೊದಲು, ಒಂದು ಕೊಲೆಯನ್ನು ತನ್ನ ಬಾಯಿಂದ ಹೇಳಿದ ದಿನ, ರಾಯರಿಗೆ ಊಟ ಸೇರುತ್ತಿರಲಿಲ್ಲ. ಐದಾರು ವರ್ಷಗಳಲ್ಲಿ ಅದು ಹೋಯಿತು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆ ಏನೋ ಒಂದು ಜೋಮು ಹಿಡಿಯಿತು. ಮಧ್ಯಾಹ್ನ ಒಂದೂಕಾಲಿಗೆ ಡಬ್ಬಿ ಬಿಚ್ಚುವುದು, ಒಂದೂವರೆಗೆ ಮುಚ್ಚುವುದು, ನಡುವೆ ಚಪಾತಿ ಪಲ್ಯ. ಯಾರು ಯಾರನ್ನು ಇರಿದಿದ್ದರೂ ಈ ವೇಳಾಪಟ್ಟಿ ತಪ್ಪುತ್ತಿರಲಿಲ್ಲ.

ಜೋಮು ಹಿಡಿದ ಮನುಷ್ಯನಿಗೂ ಅಭಿಮಾನ ಮಾತ್ರ ಎಚ್ಚರವಾಗಿಯೇ ಇರುತ್ತದೆ. ೧೯೮೭ರ ಮಳೆಗಾಲದಲ್ಲಿ ಗೂಡುಸಾಬ ಅನ್ನುವ ಕೈಗಾಡಿಯವನ ಮೇಲೆ ಕಳವಿನ ಕೇಸು ನಡೆದಿತ್ತು. ಅವನು ಎದೆ ಮುಟ್ಟಿಕೊಂಡು, “ಮಕ್ಕಳ ಆಣಿ ರೀ, ನಾ ಮುಟ್ಟಿಲ್ಲ” ಅಂದ. ರಾಯರು ಅದನ್ನು ಇಂಗ್ಲಿಷಿಗೆ ತಂದು, ತಮ್ಮ ಕಡೆಯಿಂದ ಒಂದು ಮಾತು ಸೇರಿಸಿದರು: ಇವರ ಕಡೆ ಮಕ್ಕಳ ಆಣೆ ಸಣ್ಣ ಮಾತಲ್ಲ, ಸುಳ್ಳಿಗೆ ಹಾಗೆ ಅನ್ನಲು ಹೆದರುತ್ತಾರೆ ಅಂತ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿದರು.

“ಮಿಸ್ಟರ್ ಕಟ್ಟಿ, ನಿಮ್ಮನ್ನು ಮಾತು ದಾಟಿಸುವುದಕ್ಕೆ ನಿಲ್ಲಿಸಿದೆ, ವಕಾಲತ್ತಿಗಲ್ಲ. ಶಬ್ದಕ್ಕೆ ಶಬ್ದ ಕೊಡಿ. ಸಾಕು.”

ತುಂಬಿದ ಕೋರ್ಟು. ಹಿಂದೆ ಯಾರೋ ಕಿಸಕ್ಕೆಂದರು. ರಾಯರ ಕಿವಿ ಕೆಂಪಾಯಿತು. ಆವತ್ತು ಸಂಜೆ ಮಂದಾಕಿನಿಯ ಮುಂದೆ ಕೋಟನ್ನು ಗೂಟಕ್ಕೆ ಸಿಗಿಸುತ್ತ ಪ್ರತಿಜ್ಞೆ ಮಾಡಿದರು: “ಇನ್ನ ಮ್ಯಾಲೆ ಶಬ್ದಕ್ಕ ಶಬ್ದ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮಿ ಇಲ್ಲ. ಮುಳಗೋರು ಮುಳಗಲಿ.” ಧಾರವಾಡದ ಮನುಷ್ಯ ಸೆಡವು ಮಾಡಿಕೊಂಡರೆ ಊಟ ಬಿಡುತ್ತಾನೆ. ಕೋರ್ಟಿನಲ್ಲಿ ಬಿಡಲು ಊಟವಿಲ್ಲವಲ್ಲ, ಹಾಗಾಗಿ ರಾಯರು ಅರ್ಥವನ್ನು ಬಿಟ್ಟರು.

ಮರುವರ್ಷ ಹೇಮಿಬಾಯಿಯ ಕೇಸು ಬಂತು.

ಹೇಮಿಬಾಯಿ ವಿಜಾಪುರ ಕಡೆಯ ಲಂಬಾಣಿ ತಾಂಡಾದವಳು. ಗಂಡ ತೀರಿಕೊಂಡಿದ್ದ. ಫಾತೋರ್ಡಾದಲ್ಲಿ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಸಿಮೆಂಟು ಕಲಸುವ ಕೆಲಸ ಮಾಡುತ್ತ, ಅದರ ಪಕ್ಕದ ತಗಡಿನ ಖೋಲಿಯಲ್ಲಿ ಹನ್ನೆರಡು ವರ್ಷದ ಮಗಳು ರೂಪಿಬಾಯಿಯ ಜೊತೆ ಇದ್ದಳು. ಆ ಕೆಲಸಗಾರರ ಮೇಲೆ ಪಾಂಡಪ್ಪ ಅನ್ನುವ ಮುಕಾದಮನಿದ್ದ. ಒಂದು ಮಧ್ಯಾಹ್ನ, ಸಿಮೆಂಟು ಕಲಸುವ ಯಂತ್ರ ಗಡಗಡ ಅನ್ನುತ್ತಿದ್ದಾಗ, ಆತ ರೂಪಿಯೊಬ್ಬಳೇ ಇದ್ದ ಖೋಲಿಗೆ ಹೊಕ್ಕು ಬಾಗಿಲ ಚಿಲಕ ಹಾಕಿದ. ನೀರು ಕುಡಿಯಲು ಬಂದ ಹೇಮಿಬಾಯಿಗೆ ಒಳಗಿನಿಂದ ಮಗಳ ಕೂಗು ಕೇಳಿತು. ತಗಡಿನ ಬಾಗಿಲನ್ನು ಒದ್ದು ಚಿಲಕ ಕಿತ್ತಳು. ಕೈಯಲ್ಲಿ ಸಲಿಕೆಯಿತ್ತು. ಬೆನ್ನು ತಿರುಗಿಸಿದ್ದ ಪಾಂಡಪ್ಪನ ತಲೆಗೆ ಒಂದೇ ಒಂದು ಏಟು ಹಾಕಿದಳು. ಅವನು ಮೂರನೆಯ ದಿನ ಆಸ್ಪತ್ರೆಯಲ್ಲಿ ಸತ್ತ. ಅವಳು ಓಡಿಹೋಗಲಿಲ್ಲ. ಪೋಲೀಸರು ಬರುವತನಕ ಮಗಳ ತಲೆ ಬಾಚುತ್ತ ಕೂತಿದ್ದಳು.

ಅವಳಿಗೆ ಸರಕಾರದ ಕಡೆಯಿಂದ ಸಿಕ್ಕ ವಕೀಲ ಕಾಯ್ತಾನ್. ಐವತ್ತು ದಾಟಿದ ಬಡಕಲು ಮನುಷ್ಯ, ಬೇಗ ಸಿಟ್ಟಾಗುವವ, ಆದರೆ ಕೇಸು ಓದದೆ ಬರುವವನಲ್ಲ. ಅವಳು ಹೇಳಿಕೆ ಕೊಡುವ ಹಿಂದಿನ ದಿನ ಕೋರ್ಟಿನ ಪಡಸಾಲೆಯಲ್ಲಿ ರಾಯರನ್ನು ಹಿಡಿದು ನಿಲ್ಲಿಸಿ ಕೊಂಕಣಿಯಲ್ಲಿ ವಿವರಿಸಿದ.

“ಕಟ್ಟಿ, ಇವಳಿಗೆ ಇದನ್ನು ಸರಿಯಾಗಿ ತಿಳಿಸು. ಇಂಥ ಕೇಸಿನಿಂದ ಹೊರಗೆ ಹೋಗಲು ಎರಡು ಬಾಗಿಲು. ಒಂದು, ‘ಮಾಡಿದ್ದು ತಪ್ಪೇ, ಆದರೆ ನನ್ನನ್ನು ಹೊಣೆ ಮಾಡಬೇಡಿ’ ಅನ್ನುವುದು. ಹುಚ್ಚನಿಗೆ, ಏನೂ ಅರಿಯದ ಮಗುವಿಗೆ ಆ ಬಾಗಿಲು. ಇನ್ನೊಂದು, ‘ಮಾಡಿದ್ದು ತಪ್ಪೇ ಅಲ್ಲ, ಅಲ್ಲಿ ಯಾರಿದ್ದರೂ ಅದನ್ನೇ ಮಾಡಬೇಕಿತ್ತು’ ಅನ್ನುವುದು. ನಮ್ಮದು ಎರಡನೆಯದು. ತೊಂಬತ್ತಾರನೆಯ ಕಲಮು. ತನ್ನದೋ ಇನ್ನೊಬ್ಬರದೋ ಮೈ ಕಾಯಲು ಮಾಡಿದ್ದು ಅಪರಾಧವೇ ಅಲ್ಲ ಅನ್ನುತ್ತದೆ. ಕ್ಷಮಿಸಿದೆವು ಅಂತಲ್ಲ. ಕ್ಷಮಿಸಲು ಇಲ್ಲಿ ಏನೂ ಇಲ್ಲ ಅಂತ. ಇವಳು ತನ್ನ ಬಾಯಿಂದಲೇ ತಪ್ಪು ಅಂದುಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ, ಮೊದಲನೆಯದರಲ್ಲಿ ಇವಳಿಗೆ ಜಾಗವಿಲ್ಲ.”

ರಾಯರು ಪೋಲೀಸಿನವಳ ಪಕ್ಕ ಕೂತಿದ್ದ ಹೇಮಿಬಾಯಿಯ ಕಡೆ ತಿರುಗಿದರು. “ನಾಳೆ ಜಡ್ಜ್ ಸಾಹೇಬ್ರು ಕೇಳ್ತಾರ. ಆದದ್ದನ್ನ ಆದಂಗ ಹೇಳವಾ. ನೀ ಮಾಡಿದ್ದು ತಪ್ಪಲ್ಲ, ತಿಳೀತಿಲ್ಲೊ?”

“ತಿಳೀತ್ರಿ ಸಾಹೇಬ್ರ. ಮಗಳ ಮ್ಯಾಲ ಕೈ ಹಾಕಿದ್ರ ಸುಮ್ನ ನಿಂದರಾಕ ಅಕ್ಕೈತೇನ್ರಿ?”

ರಾಯರು ದಾಟಿಸಿದರು. ಕಾಯ್ತಾನನ ಮುಖ ಅರಳಿತು. “ಇದೇ! ನಾಳೆ ಇಷ್ಟೇ ಅನ್ನಲಿ, ಸಾಕು.”

ಮರುದಿನ ಸರಕಾರಿ ವಕೀಲರು ತಮ್ಮದನ್ನೆಲ್ಲ ಮುಂದಿಟ್ಟಿದ್ದರು. ಹಗಲು ಹೊತ್ತು, ಸುತ್ತ ಇಪ್ಪತ್ತು ಜನ ಕೆಲಸಗಾರರು, ಒಂದು ಕೂಗು ಹಾಕಿದ್ದರೆ ಬರುತ್ತಿದ್ದರು. ಸತ್ತವನ ಕೈಯಲ್ಲಿ ಆಯುಧವಿರಲಿಲ್ಲ. ಏಟು ಹಿಂದಿನಿಂದ ಬಿದ್ದದ್ದು. ಕೊನೆಗೆ ನ್ಯಾಯಾಧೀಶರು ಹೇಮಿಬಾಯಿಯನ್ನು ಕೇಳಿದರು, ನಿನಗೆ ಏನಾದರೂ ಹೇಳುವುದಿದೆಯೇ ಅಂತ. ರಾಯರು ಕೇಳಿಸಿದರು. ಅವಳು ಕಟಕಟೆಯ ಹಲಗೆ ಮುಟ್ಟಿ, ಆ ಕೈಯನ್ನು ಗಲ್ಲಕ್ಕೆ ತಾಗಿಸಿಕೊಂಡು, ಬಗ್ಗಿ ನಿಂತಳು.

“ತಪ್ಪಾತ್ರಿ ಸಾಹೇಬ್ರ. ಬಾಗ್ಲಾ ಹಾಕ್ಕೊಂಡಿದ್ದ, ಮಗಳು ಒದರಾಕತ್ತಿದ್ಲು. ಸಲಿಕಿ ಕೈಯಾಗಿತ್ತು. ಹೊಡದೇನ್ರಿ.”

ಆ ಮೊದಲ ಮಾತನ್ನು ಉತ್ತರ ಕರ್ನಾಟಕದ ಯಾವ ಮನುಷ್ಯನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಾಲು ತಾಗಿದರೆ ತಪ್ಪಾತ್ರಿ. ಬರಲು ತಡವಾದರೆ ತಪ್ಪಾತ್ರಿ. ದೊಡ್ಡವರೆದುರು ಬಾಯಿ ತೆರೆಯಬೇಕಾದರೆ, ಏನೂ ಮಾಡದಿದ್ದರೂ, ಮೊದಲು ಒಂದು ತಪ್ಪಾತ್ರಿ. ಒಳಗೆ ಬರುವ ಮೊದಲು ಚಪ್ಪಲಿ ಕಳಚಿಟ್ಟಷ್ಟೇ ಅದರ ಅರ್ಥ. ರಾಯರಿಗೆ ಇದು ಗೊತ್ತಿತ್ತು. ಬಸ್ಸಿನಲ್ಲಿ ಯಾರಿಗಾದರೂ ಮೊಣಕೈ ತಾಗಿದರೆ ಅವರ ಬಾಯಲ್ಲೂ ಬರುತ್ತಿದ್ದ ಮಾತು ಅದೇ.

“ನಾನು ತಪ್ಪು ಮಾಡಿದ್ದೇನೆ,” ಅಂದರು ರಾಯರು ಇಂಗ್ಲಿಷಿನಲ್ಲಿ, ಕೋರ್ಟಿಗೆಲ್ಲ ಕೇಳುವ ಹಾಗೆ. ಮುಂದಿನದನ್ನೂ ಹೇಳಿದರು.

ನ್ಯಾಯಾಧೀಶರ ಪೆನ್ನು ಆ ಮೊದಲ ವಾಕ್ಯದ ಮೇಲೆಯೇ ಓಡುತ್ತಿತ್ತು. ಕಾಯ್ತಾನ್ ತಟ್ಟನೆ ತಲೆಯೆತ್ತಿ ಹೇಮಿಬಾಯಿಯನ್ನು ದುರುಗುಟ್ಟಿ ನೋಡಿದ. ಕನ್ನಡ ಬಾರದ ಅವನು ಇನ್ನೇನು ಮಾಡಿಯಾನು? ಆಗ ರಾಯರು ಒಂದೇ ಮಾತು ಹೇಳಿದ್ದರೆ ಸಾಕಿತ್ತು, ‘ಸ್ವಾಮಿ, ಇವರ ಬಾಯಲ್ಲಿ ಈ ಶಬ್ದಕ್ಕೆ ಆ ಅರ್ಥವಿಲ್ಲ’ ಅಂತ. ಆ ಮಾತು ನಾಲಿಗೆಯ ತುದಿಗೆ ಬಂತು ಕೂಡ. ಅದರ ಜೊತೆಗೇ ಗೂಡುಸಾಬನ ದಿನವೂ, ಹಿಂದಿನ ಆ ಕಿಸಕ್ಕೆಂಬ ಸದ್ದೂ ನೆನಪಿಗೆ ಬಂದವು. ಶಬ್ದಕ್ಕೆ ಶಬ್ದ ಕೇಳಿದಿರಿ, ತಗೊಳ್ಳಿ ಅಂದುಕೊಂಡು ರಾಯರು ಬಾಯಿ ಮುಚ್ಚಿದರು.

ಮೂರು ವಾರಕ್ಕೆ ತೀರ್ಪಾಯಿತು. ಇದು ಕೊಲೆಯಲ್ಲ, ಆದರೆ ಆತ್ಮರಕ್ಷಣೆಯೂ ಅಲ್ಲ, ಆರೋಪಿಯೇ ತಾನು ತಪ್ಪು ಮಾಡಿದ್ದಾಗಿ ಹೇಳಿದ್ದಾಳೆ, ಏಳು ವರ್ಷ.

“ಏಳು ವರ್ಷ ಶಿಕ್ಷಾ ಆಗೇದವಾ,” ಅಂದರು ರಾಯರು.

“ಹೂನ್ರಿ,” ಅಂದಳು ಹೇಮಿಬಾಯಿ. ಆಮೇಲೆ, “ರೂಪಿ ಯಾರ ಕಡೆ ಇರ್ಬೇಕ್ರಿ?”

ರಾಯರು ಅದನ್ನೂ ಶಬ್ದಕ್ಕೆ ಶಬ್ದ ಇಂಗ್ಲಿಷಿಗೆ ತಂದರು. ನ್ಯಾಯಾಧೀಶರು ಮುಂದಿನ ಕೇಸಿನ ಕಾಗದ ತೆಗೆದಾಗಿತ್ತು. ಒಂದೂಕಾಲಿಗೆ ರಾಯರು ಡಬ್ಬಿ ಬಿಚ್ಚಿದರು. ಬದನೆಕಾಯಿ ಪಲ್ಯ. ಪೂರಾ ಉಂಡರು. ಉಂಡ ಮೇಲೆ, ಊಟ ಸೇರಿತಲ್ಲ ಅಂತ ಅವರಿಗೇ ಒಂದು ಗಳಿಗೆ ವಿಚಿತ್ರವೆನಿಸಿತು. ಡಬ್ಬಿ ತೊಳೆದಿಟ್ಟು ಟೈಪ್‌ರೈಟರಿನ ಮುಂದೆ ಕೂತರು.

ಕಾಯ್ತಾನ್ ಪಣಜಿಯ ಮೇಲಿನ ಕೋರ್ಟಿಗೆ ಅಪೀಲು ಹಾಕಿದ. ಅದು ಅಲ್ಲಿ ಸರದಿಯಲ್ಲಿ ಕೂತಿತು. ರೂಪಿಯನ್ನು ಚಿಕ್ಕಮ್ಮ ಲಾಲಿಬಾಯಿ ಕರೆದುಕೊಂಡು ಹೋದಳು. ಅವಳು ಬೀಚಿನ ಮೇಲೆ ಮಣಿಸರ, ಕನ್ನಡಿ ಹೊಲಿದ ಚೀಲ ಮಾರುವವಳು. ತಿಂಗಳಿಗೊಂದು ಸಲ ರೂಪಿ ಕೋರ್ಟಿನ ಅಂಗಳಕ್ಕೆ ಬರುತ್ತಿದ್ದಳು. ಅಲ್ಲಿ ಅವಳ ಮಾತು ತಿಳಿಯುವವರು ಒಬ್ಬರೇ.

“ಅವ್ವ ಎಂದ ಬರ್ತಾಳ್ರಿ?”

“ಅಪೀಲು ನಡದದ. ಬರ್ತಾಳ.”

ಅವಳು ಹೋಗುವಳು. ರಾಯರು ಒಳಗೆ ಬರುವರು. ಎರಡು ವರ್ಷ ಇಷ್ಟೇ ಮಾತು. ಈ ಎರಡು ವರ್ಷಗಳಲ್ಲಿ ರಾಯರು ಮನಸ್ಸಿನೊಳಗೆ ತಮ್ಮ ಕೇಸನ್ನು ತಾವೇ ಎಷ್ಟು ಸಲ ನಡೆಸಿದರೋ ಲೆಕ್ಕವಿಲ್ಲ. ಪ್ರತಿ ಸಲವೂ ಅವರ ವಾದ ಒಂದೇ: ನನಗೆ ಅಪ್ಪಣೆಯಾದದ್ದು ಶಬ್ದಕ್ಕೆ ಶಬ್ದ, ಕೊಟ್ಟದ್ದೂ ಶಬ್ದಕ್ಕೆ ಶಬ್ದ, ಮಾಡಬೇಕಾದ್ದನ್ನೇ ಮಾಡಿದ್ದೇನೆ, ಇದರಲ್ಲಿ ತಪ್ಪೇ ಇಲ್ಲ. ಪ್ರತಿ ಸಲವೂ ಖುಲಾಸೆಯಾಗುತ್ತಿದ್ದರು. ಹೇಮಿಬಾಯಿಗೆ ಸಿಗದ ಎರಡನೆಯ ಬಾಗಿಲಿನಿಂದ ಇವರು ದಿನಾ ಹೊರಗೆ ಬಂದು ಮನೆಗೆ ಹೋಗುತ್ತಿದ್ದರು.

೧೯೯೦ರ ಬೇಸಗೆಯಲ್ಲಿ ಒಂದು ದಿನ ರೂಪಿ ಎಂದಿನ ಪ್ರಶ್ನೆ ಕೇಳಲಿಲ್ಲ. ಅವಳಿಗೀಗ ಹದಿನಾಲ್ಕು. ಕಂಬಕ್ಕೊರಗಿ ನಿಂತು ಕೇಳಿದಳು:

“ಸಾಹೇಬ್ರ, ಅವ್ವ ಮಾಡಿದ್ದು ತಪ್ಪಂತ ಕೋರ್ಟಿನಾಗ ಬರದಾರಂತ, ಖರೇ ಏನ್ರಿ?”

“ಬರದಾರ.”

“ಹಂಗಾರ ಅವ್ವ ಆವತ್ತ ಸುಮ್ನ ನಿಂತಿದ್ರ ಚಲೋ ಇತ್ತೇನ್ರಿ?”

ರಾಯರು ಗಡಿಯಾರ ನೋಡಿಕೊಂಡರು. ಕೆಲಸವಿದೆ ಅಂದರು. ಆ ದಿನ ಡಬ್ಬಿ ಬಿಚ್ಚಲಿಲ್ಲ.

ಮಂದಾಕಿನಿ ವಾಸ್ಕೋದ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಸಂಜೆ ಮಕ್ಕಳ ವ್ಯಾಕರಣದ ನೋಟುಬುಕ್ಕು ತಿದ್ದುತ್ತ ಕೂತವಳು ತುಂಬಿದ ಡಬ್ಬಿ ನೋಡಿ ಏನಾಯಿತೆಂದು ಕೇಳಿದಳು. ರಾಯರು ಮೊದಲ ಸಲ ಎಲ್ಲವನ್ನೂ ಹೇಳಿದರು, ತಮ್ಮ ವಾದ ಸಮೇತ.

“ನಾ ಏನು ಮಾಡ್ಲಿಕ್ಕೆ ಬರ್ತಿತ್ತು ಮಂದಾ? ಆಕಿ ಅಂದದ್ದನ್ನ ಶಬ್ದಕ್ಕ ಶಬ್ದ ಹೇಳೇನಿ.”

“ಆಕಿ ಏನಂದ್ಲು?”

“ತಪ್ಪಾತ್ರಿ ಅಂದ್ಲು.”

“ನೀವೇನಂದ್ರಿ?”

“ನಾನು ತಪ್ಪು ಮಾಡಿದ್ದೇನೆ ಅಂದೆ.”

ಕೆಂಪು ಪೆನ್ಸಿಲು ನಿಂತಿತು. “ತಪ್ಪಾತ್ರಿ ಅನ್ನೂದ್ರಾಗ ‘ನಾನು’ ಎಲ್ಲದ ರೀ? ‘ಮಾಡೇನಿ’ ಎಲ್ಲದ? ಮಳಿ ಆತು, ಊಟ ಆತು, ತಪ್ಪಾತು. ಯಾರು ಮಾಡಿದ್ರು ಅನ್ನೂದು ಆ ಮಾತಿನಾಗ ಇಲ್ಲೇ ಇಲ್ಲ. ನಾನು ಅನ್ನೂದನ್ನ ಹಾಕಿದವರು ನೀವು.”

“ಇಂಗ್ಲಿಷಿನ್ಯಾಗ ಕರ್ತೃ ಇಲ್ದ ವಾಕ್ಯ ನಿಂದರೂದಿಲ್ಲ.”

“ವಾಕ್ಯ ನಿಂದರೂದಿಲ್ಲಂತ ಆಕೀನ್ನ ನಿಲ್ಲಿಸಿದ್ರಿ.” ಅವಳ ದನಿ ಏರಿರಲಿಲ್ಲ. “ಶಬ್ದಕ್ಕ ಶಬ್ದ ಅನ್ಕೋತ ಬಂದೀರಿ. ಅದನ್ನೂ ಕೊಟ್ಟಿಲ್ಲಲ್ರಿ ನೀವು.”

ರಾಯರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಳು ಬರಬೇಕಿತ್ತೇನೋ, ಅದೂ ಬರಲಿಲ್ಲ. ಹದಿನೆಂಟು ಇಪ್ಪತ್ತು ವರ್ಷ ಊರ ಜನರ ‘ನಾನು’ಗಳನ್ನು ಹೊತ್ತು ಆಚೆ ದಡಕ್ಕೆ ಇಳಿಸಿದವರು, ಇದೊಂದನ್ನು ತಾವೇ ಮಾಡಿ ಒಬ್ಬ ಹೆಂಗಸಿನ ಬಾಯಿಗೆ ಹಾಕಿದ್ದರು. ಎದ್ದು ಹೋಗಿ ಮುಖ ತೊಳೆದರು. ನೀರು ಬೆಚ್ಚಗಿತ್ತೋ ತಣ್ಣಗಿತ್ತೋ ಗೊತ್ತಾಗಲಿಲ್ಲ.

ಶನಿವಾರ ಕಾಯ್ತಾನನ ಆಫೀಸಿಗೆ ಹೋದರು. ಕಾಯ್ತಾನ್ ಪೂರ್ತಿ ಕೇಳಿದ. “ಎರಡು ವರ್ಷ, ಕಟ್ಟಿ,” ಅಂದ. ಬೈದಿದ್ದರೆ ರಾಯರಿಗೆ ಹಗುರವಾಗುತ್ತಿತ್ತು. ಅವನು ಬೈಯದೆ ಹಾಳೆ ತೆಗೆದ.

“ಆ ಶಬ್ದದ ನಿಜವಾದ ಅರ್ಥ ಏನು, ನೀನು ಹೇಳಿದ್ದು ಏನು, ಎರಡನ್ನೂ ಪ್ರಮಾಣ ಮಾಡಿ ಬರೆದುಕೊಡು. ಅಪೀಲಿಗೆ ಸೇರಿಸುತ್ತೇನೆ.” ಬರೆಯುತ್ತ ಬರೆಯುತ್ತ ಪೆನ್ನು ನಿಲ್ಲಿಸಿ ಕೇಳಿದ, “ಆ ದಿನವೇ ನಿನಗೆ ತಿಳಿದಿತ್ತೇ?”

ರಾಯರು ಬಾಯಿ ತೆರೆದರು. ಕಾಯ್ತಾನ್ ಕೈ ಅಡ್ಡ ಹಿಡಿದ.

“ಬೇಡ, ಹೇಳಬೇಡ. ತಿಳಿದೂ ಹೇಳಿದೆ ಅಂತ ಬರೆದರೆ ನಿನ್ನ ನೌಕರಿ ಹೋಗುತ್ತದೆ, ಮೇಲೆ ಕೇಸೂ ಆದೀತು. ಗಮನಕ್ಕೆ ಬರಲಿಲ್ಲ ಅಂತ ಬರೆದರೂ ಅವಳಿಗೆ ಅಷ್ಟೇ ಉಪಯೋಗ. ನಿನಗೆ ಮೊದಲನೆಯ ಬಾಗಿಲು ಸಾಕು.”

‘ಕೆಲಸದ ಒತ್ತಡದಲ್ಲಿ ಗಮನಕ್ಕೆ ಬಾರದೆ’ ಅಂತ ಟೈಪಾಯಿತು. ರಾಯರೇ ಟೈಪು ಮಾಡಿದರು. ಆ ಆಫೀಸಿನಲ್ಲಿ ಅವರಷ್ಟು ಚೆನ್ನಾಗಿ ಟೈಪು ಮಾಡುವವರು ಇರಲಿಲ್ಲ. ಒಂದೂ ಅಕ್ಷರ ತಪ್ಪಿಲ್ಲದ ಆ ಹಾಳೆಗೆ ಸಹಿ ಹಾಕಿದರು. ತಾವು ಮಾಡಿದ್ದು ಸರಿ ಅನ್ನುವುದನ್ನು ಮಂದಾಕಿನಿ ಕಿತ್ತುಕೊಂಡಿದ್ದಳು. ತಾವು ಮಾಡಿದ್ದು ತಪ್ಪು ಆದರೆ ಅರಿಯದೆ ಆದದ್ದು ಅನ್ನುವುದನ್ನು ಕಾಯ್ತಾನ್ ಕೊಟ್ಟ. ರಾಯರು ಅದನ್ನು ತೆಗೆದುಕೊಂಡರು, ಕೊಟ್ಟದ್ದನ್ನು ತೆಗೆದುಕೊಳ್ಳುವುದೇ ಅವರ ಅಭ್ಯಾಸವಾಗಿತ್ತು.

೧೯೯೧ರ ಕೊನೆಗೆ ಪಣಜಿಯಲ್ಲಿ ತೀರ್ಪು ಬಂತು. ಕಿತ್ತುಬಂದ ಚಿಲಕ, ರೂಪಿಯ ಹೇಳಿಕೆ, ಯಂತ್ರದ ಗದ್ದಲದಲ್ಲಿ ಕೂಗಿದರೂ ಕೇಳುವಂತಿರಲಿಲ್ಲ ಅನ್ನುವುದು, ಎಲ್ಲವನ್ನೂ ನ್ಯಾಯಾಧೀಶರು ಹೊಸದಾಗಿ ತೂಗಿ ನೋಡಿದರು. ತಪ್ಪೊಪ್ಪಿಗೆ ಅಂತ ಬರೆದದ್ದು ತಪ್ಪೊಪ್ಪಿಗೆಯೇ ಅಲ್ಲ ಅಂದರು. ಇವಳು ಮಾಡಿದ್ದು ಅಪರಾಧವಲ್ಲ, ಬಿಡುಗಡೆ. ರಾಯರಿಗೆ, ಮುಂದೆ ಎಚ್ಚರದಿಂದಿರಿ ಅನ್ನುವ ಒಂದು ಕಾಗದ ಬಂತು. ಅದನ್ನು ಫೈಲಿಗೆ ಹಾಕಿದರು.

ಬಿಡುಗಡೆಯ ದಿನ ಕಾಯ್ತಾನ್ ಅವರನ್ನೂ ಕರೆದುಕೊಂಡು ಹೋದ. ಆದದ್ದೇನು ಅಂತ ಅವಳಿಗೆ ಅವಳ ಮಾತಿನಲ್ಲಿ ಹೇಳಬೇಕಲ್ಲ. ಜೈಲಿನ ಗೇಟಿನ ಹೊರಗೆ ರೂಪಿ ಮೊದಲೇ ಬಂದು ನಿಂತಿದ್ದಳು, ತಾಯಿಯಷ್ಟೇ ಎತ್ತರ. ಮಧ್ಯಾಹ್ನ ಮೂರರ ಸುಮಾರಿಗೆ ಹೇಮಿಬಾಯಿ ಒಂದು ಗಂಟು ಹಿಡಿದು ಹೊರಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ತಾಯಿ ಮಗಳು ಅಳಲಿಲ್ಲ. ರೂಪಿ ಗಂಟಿಗೆ ಕೈ ಹಾಕಿದಳು, ಅವಳು ಕೊಡಲಿಲ್ಲ. ಕಾಯ್ತಾನ್ ಆದೇಶದ ಪ್ರತಿಯನ್ನು ರಾಯರ ಕೈಗಿತ್ತ.

“ನೀವು ಮಾಡಿದ್ದು ತಪ್ಪಲ್ಲ ಅಂತ ಮ್ಯಾಲಿನ ಕೋರ್ಟು ಹೇಳೇದ,” ಅಂದರು ರಾಯರು. “ಮಾಫಿ ಮಾಡಿ ಬಿಟ್ಟದ್ದಲ್ಲ. ತಪ್ಪು ಇರಲೇ ಇಲ್ಲ ಅಂತ.”

“ತಪ್ಪ ಇರಲಿಲ್ಲೇನ್ರಿ?”

“ಇರಲಿಲ್ಲ.”

ಹೇಮಿಬಾಯಿ ಗಂಟನ್ನು ಇನ್ನೊಂದು ಕೈಗೆ ಬದಲಿಸಿದಳು. “ಮತ್ತ ಮೂರು ವರ್ಷ ನಾ ಒಳಗ್ಯಾಕ ಇದ್ದೆ?”

“ಏನಂತೆ?” ಅಂದ ಕಾಯ್ತಾನ್.

ರಾಯರು ದಾಟಿಸಲಿಲ್ಲ. ಈ ಪ್ರಶ್ನೆ ಯಾರಿಗೂ ದಾಟಿಸಬೇಕಾದದ್ದಾಗಿರಲಿಲ್ಲ. ಸಹಿ ಹಾಕಿದ ಉತ್ತರವೊಂದು ಅವರ ಬಳಿ ಸಿದ್ಧವಾಗಿತ್ತು, ಅದನ್ನು ಹೇಳಿದ್ದರೆ ಅವಳು ಹೂನ್ರಿ ಅಂದು ಹೋಗುತ್ತಿದ್ದಳು.

“ನನ್ನಿಂದ ರೀ,” ಅಂದರು. “ಆವತ್ತ ನೀವು ಆಡಿದ ಮಾತನ್ನ ನಾ ಕೆಡಿಸಿ ಹೇಳಿದೆ. ಅದಕ್ಕ ಶಿಕ್ಷಾ ಆತು.”

“ನಿಮಗ ತಿಳೀಲಿಲ್ಲೇನ್ರಿ ನಾ ಏನಂದೆ ಅಂತ?”

“ತಿಳಿದಿತ್ತು. ಗೊತ್ತಿದ್ದೂ ಹಂಗ ಹೇಳಿದೆ. ಜಡ್ಜ್ ಸಾಹೇಬ್ರ ಮ್ಯಾಲೆ ನನಗ ಸಿಟ್ಟಿತ್ತು.”

ಹೇಮಿಬಾಯಿ ಅವರ ಮುಖ ನೋಡಿದಳು, ಇಷ್ಟು ವರ್ಷಗಳಲ್ಲಿ ಮೊದಲ ಸಲ ನೇರವಾಗಿ. ಬೈಗುಳಕ್ಕೆ ರಾಯರು ಕಾದು ನಿಂತರು, ಬರಲಿ ಅಂತಲೇ ನಿಂತರು. ಅವಳು ಮಗಳ ಕಡೆ ತಿರುಗಿ ತಮ್ಮ ಲಂಬಾಣಿ ಮಾತಿನಲ್ಲಿ ಎರಡು ವಾಕ್ಯ ಹೇಳಿದಳು. ರೂಪಿ ಒಮ್ಮೆ ರಾಯರನ್ನು ನೋಡಿ ತಲೆ ತಗ್ಗಿಸಿದಳು. ಇಬ್ಬರೂ ಬಸ್ಸು ನಿಲ್ಲುವ ಕಡೆ ನಡೆದರು.

“ಏನಂದಳು, ಕಟ್ಟಿ?” ಅಂತ ಕೇಳಿದ ಕಾಯ್ತಾನ್.

“ನನಗೆ ಆ ಭಾಷೆ ಬರುವುದಿಲ್ಲ,” ಅಂದರು ರಾಯರು.